ಬಾಗಿಲಿಗೆ ಅಡ್ಡ ಎಳೆ: ಅವ್ವನ ಸೀರೆ ಕಪಾಟಿಗೆ ಮೇಪಲ್ ವೆನೀರ್

"ಬಾಗಲಕ್ಕ ಎಳಿ ನಿಂದ್ರಸ್ತಾರ ತಮ್ಮಾ, ಅಡ್ಡ ಮಲಗಸಂಗಿಲ್ಲ."

ಮೇಜಿನ ಮೇಲೆ ಹರಡಿದ್ದ ವೆನೀರ್ ಎಲೆಗಳನ್ನು, ಅಂದರೆ ಮರದಿಂದ ತೆಳುವಾಗಿ ಕೊಯ್ದ ಹಾಳೆಗಳನ್ನು, ನೋಡಿ ಬಡಿಗೇರ ಕಾಕಾ ಹೇಳಿದ ಮಾತಿದು. ಅವರು ನಲವತ್ತು ವರ್ಷ ಸಾಗವಾನಿಯಲ್ಲಿ ಕೈಯಾಡಿಸಿದವರು, ಅವರ ಮಾತಿಗೆ ಕಾರಣವೂ ಇದೆ. ಮರ ಹಿಗ್ಗುವುದು, ಕುಗ್ಗುವುದು ಎಳೆಗೆ, ಅಂದರೆ ನಾರು ಸಾಗುವ ದಿಕ್ಕಿಗೆ, ಅಡ್ಡಲಾಗಿ. ಗಟ್ಟಿಮರದ ಬಾಗಿಲಿಗೆ ಎಳೆ ಮಲಗಿಸಿದರೆ ಮಳೆಗಾಲದಲ್ಲಿ ಬಾಗಿಲಿನ ಎತ್ತರವೇ ಬೆಳೆದು ಚೌಕಟ್ಟಿಗೆ ಒತ್ತಿಕೊಳ್ಳುತ್ತದೆ. ನನ್ನದು ಅರ್ಧ ಮಿಲಿಮೀಟರ್ ದಪ್ಪದ ಎಲೆ, ಅದನ್ನು ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಗೆ ಅಂಟಿಸುವ ಕೆಲಸ. ಹಲಗೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಆ ಭಯ ಇರಲಿಲ್ಲ. ಆದರೂ ಕಾಕಾನ ಮಾತನ್ನು ದಾಟುವ ಮುಂಚೆ ಎರಡು ದಿನ ಎಲೆಗಳನ್ನು ಹಾಗೇ ಬಿಟ್ಟು, ಕಿಟಕಿ ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ. ಕೊನೆಗೆ ಅಡ್ಡವೇ ಹಾಕಿದೆ. ಅಲೆಯಂಥ ಹೊಳೆಯುವ ಪಟ್ಟೆ ಇರುವ ಮೇಪಲ್ ತಂದವರು ಮೊದಲು ಕೇಳಿಕೊಳ್ಳಬೇಕಾದದ್ದು ಬೆಳಕು ಎತ್ತಲಿಂದ ಬರುತ್ತದೆ ಎಂಬುದನ್ನು. ಅಂಟು, ಪಾಲಿಶ್ ಎಲ್ಲ ಆಮೇಲಿನ ಮಾತು.

ಕಪಾಟು ಬೇಕಾದದ್ದು ಅವ್ವನಿಗೆ. ಅವಳ ಇಳಕಲ್ ಸೀರೆಗಳು ಮೂವತ್ತು ವರ್ಷದಿಂದ ಕಬ್ಬಿಣದ ತಿಜೋರಿಯಲ್ಲಿದ್ದವು. ಹೋದ ಮಳೆಗಾಲದಲ್ಲಿ ಅದರ ತಳ ತುಕ್ಕು ಹಿಡಿದು, ಒಂದು ತೋಪ್ ತೆನಿ ಸೆರಗಿಗೆ ಕಂದು ಕಲೆ ಬಿತ್ತು. ಆ ದಿನ ಅವಳು ಊಟ ಮಾಡಲಿಲ್ಲ. ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಅವಳ ಕೋಣೆಗೆ ಮೂಡಣ ದಿಕ್ಕಿಗೆ ಒಂದೇ ಕಿಟಕಿ. ಕಪಾಟು ನಿಲ್ಲುವುದು ಬಡಗಣ ಗೋಡೆಗೆ. ಎದುರು ನಿಂತರೆ ಬೆಳಕು ಬಲಗಡೆಯಿಂದ, ಬಾಗಿಲುಗಳನ್ನು ಸವರಿಕೊಂಡು ಬರುತ್ತದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಎಲ್ಲ ನಿರ್ಧಾರವೂ ಈ ಕಿಟಕಿಯಿಂದಲೇ ಆಯಿತು.

ಅಳತೆ ಹೀಗೆ: ಅಗಲ 920 ಮಿಮೀ, ಎತ್ತರ 1500 ಮಿಮೀ. ಮೇಲೆ 1100 ಮಿಮೀ ಎತ್ತರದ ಎರಡು ಬಾಗಿಲು, ಕೆಳಗೆ ಎರಡು ಡ್ರಾಯರ್. ಗೂಡು 18 ಮಿಮೀ ಪ್ಲೈವುಡ್‌ನದು. ಬಾಗಿಲಿಗೆ 18 ಮಿಮೀ ಎಂಡಿಎಫ್, ಯಾಕೆಂದರೆ ಅದರ ಮೈ ಗಾಜಿನಷ್ಟು ನುಣುಪು, ಬಣ್ಣವೂ ತಿಳಿ. ಮೇಪಲ್ ಬಿಳಿಚು ಮರ. ಕೆಂಪು ಮೈಯ ಪ್ಲೈ ಮೇಲೆ ಅಷ್ಟು ತೆಳು ಎಲೆ ಹಾಕಿದರೆ ಕೆಳಗಿನ ಬಿರುಕು, ಪುಟ್ಟಿ ತುಂಬಿದ ಜಾಗ, ಎಲ್ಲವೂ ದಿನ ಕಳೆದಂತೆ ಮೇಲೆ ಮೂಡುವ ಸಂಭವವಿದೆ. ಅಂಚಿನ ಪಟ್ಟಿಗೆ ಸಾಗವಾನಿ. ಇದು ಹಳೆ ಬಾಗಲಕೋಟೆಯ ನಮ್ಮ ಮನೆಯ ತೊಲೆಯದು. ಆಲಮಟ್ಟಿಯ ಹಿನ್ನೀರು ಬರುವ ಮುಂಚೆ ಮನೆ ಬಿಚ್ಚಿದಾಗ ಅಪ್ಪ ಎರಡು ತೊಲೆ ಉಳಿಸಿ ಇಲ್ಲಿಗೆ ತಂದಿದ್ದರು. ಇಷ್ಟು ವರ್ಷ ಹಿತ್ತಲಲ್ಲಿ ತಗಡಿನ ಕೆಳಗಿತ್ತು. ರಂದಾ ಹೊಡೆದಾಗ ಒಳಗಿನ ಎಣ್ಣೆಯ ವಾಸನೆ ಇನ್ನೂ ಬಂತು.

ಸಂಕ್ರಾಂತಿ ಮುಗಿದ ವಾರ ಬೆಂಗಳೂರಿನಿಂದ ಪಾರ್ಸೆಲ್ ಬಂತು. ಎಂಟು ಎಲೆಯ ಒಂದು ಕಟ್ಟು. ಒಂದೊಂದೂ ಎರಡೂವರೆ ಮೀಟರ್ ಉದ್ದ, 160 ಮಿಮೀ ಅಗಲ, ಒಂದೇ ದಿಮ್ಮಿಯಿಂದ ಒಂದರ ಹಿಂದೊಂದು ಕೊಯ್ದದ್ದು. ಇದು ಹಾರ್ಡ್ ಮೇಪಲ್, ಅಮೆರಿಕ ಮತ್ತು ಕೆನಡಾದ ಮೂಡಣ ಕಾಡುಗಳ ಚಳಿಯಲ್ಲಿ ಬೆಳೆಯುವ ಮರ. ಅದರ ರಸ ಕಾಯಿಸಿಯೇ ಮೇಪಲ್ ಸಿರಪ್ ಮಾಡುತ್ತಾರೆ. ಎಲ್ಲ ಮೇಪಲ್‌ನಲ್ಲೂ ಅಲೆ ಇರುವುದಿಲ್ಲ. ಬಹುಪಾಲು ಮರ ಸಪ್ಪಗೆ ಬೆಳ್ಳಗೆ ಇರುತ್ತದೆ. ಕೆಲವದರಲ್ಲಿ ಮಾತ್ರ ನಾರು ನೆಟ್ಟಗೆ ಬೆಳೆಯದೆ ಅಲೆಅಲೆಯಾಗಿ ಏರಿಳಿದಿರುತ್ತದೆ. ಅದಕ್ಕೆ ಕರ್ಲಿ ಮೇಪಲ್, ಟೈಗರ್ ಮೇಪಲ್ ಎಂದು ಹೆಸರು. ಸಣ್ಣ ಸಣ್ಣ ಕಣ್ಣಿರುವುದು ಬರ್ಡ್ಸ್‌ಐ, ರಜಾಯಿಯಂತೆ ಉಬ್ಬಿ ಕಾಣುವುದು ಕ್ವಿಲ್ಟೆಡ್. ಪಿಟೀಲಿನ ಬೆನ್ನು ನೋಡಿದವರಿಗೆ ಕರ್ಲಿ ಗೊತ್ತು. ಅಲ್ಲಿರುವುದು ಯುರೋಪಿನ ಮೇಪಲ್ ಜಾತಿ, ಆದರೆ ಅಲೆ ಇದೇ. ನಾನು ಸಣ್ಣವನಿದ್ದಾಗ ಮಠದ ಜಾತ್ರೆಯಲ್ಲಿ ಒಬ್ಬರು ಪಿಟೀಲು ಹೊರಳಿಸಿ ಇಡುವಾಗ ಗ್ಯಾಸ್‌ಬತ್ತಿಯ ಬೆಳಕಿಗೆ ಅದರ ಬೆನ್ನು ಮಿಂಚಿದ್ದು ಇನ್ನೂ ಕಣ್ಣಲ್ಲಿದೆ. ಮೇಪಲ್ ಮೇಲಿನ ಆಸೆ ಅಂದಿನದು.

ಕಟ್ಟು ಬಿಚ್ಚಿದ ಕೂಡಲೇ ಮಾಡಿದ ಮೊದಲ ಕೆಲಸ: ಎಲೆಗಳ ಕ್ರಮ ಕಲೆಸುವ ಮುನ್ನ ಒಂದೇ ತುದಿಯಲ್ಲಿ, ಒಂದೇ ಮೈಗೆ, ಪೆನ್ಸಿಲ್‌ನಿಂದ 1ರಿಂದ 8ರವರೆಗೆ ಅಂಕಿ ಬರೆದೆ. ಕ್ರಮ ತಪ್ಪಿದರೆ ಮತ್ತೆ ಹೊಂದಿಸುವುದು ಬಹಳ ಕಷ್ಟ.

ಎಲೆಗಳು ಹಪ್ಪಳದಂತೆ ಸುಕ್ಕಾಗಿದ್ದವು. ಅಲೆ ಇರುವ ಮರದ ಗುಣವೇ ಇದು, ನಾರು ಎಲ್ಲ ಕಡೆ ಒಂದೇ ಸಮ ಒಣಗುವುದಿಲ್ಲ. ಜೊತೆಗೆ ನಮ್ಮೂರಿನ ಒಣಹವೆ. ಹಾಗೇ ಒತ್ತಿದರೆ ಸೀಳುತ್ತದೆ. ಔಷಧ ಅಂಗಡಿಯಿಂದ ಗ್ಲಿಸರಿನ್ ತಂದು, ನಾಲ್ಕು ಪಾಲು ನೀರಿಗೆ ಒಂದು ಪಾಲು ಗ್ಲಿಸರಿನ್, ಅರ್ಧ ಪಾಲು ಸ್ಪಿರಿಟ್ ಬೆರೆಸಿ, ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿಯಿಂದ ಎರಡೂ ಮೈಗೆ ಮಂಜಿನಂತೆ ಹೊಡೆದೆ. ಹತ್ತು ನಿಮಿಷದಲ್ಲಿ ಎಲೆ ಒದ್ದೆ ಬಟ್ಟೆಯಂತೆ ಮೆತ್ತಗಾಯಿತು. ಎರಡು ಪ್ಲೈ ಹಲಗೆಗಳ ನಡುವೆ, ಪ್ರತಿ ಎಲೆಗೂ ಬಿಳಿ ಕಾಗದ ಹಾಕಿ, ಮೇಲೆ ನೆಲಕ್ಕೆ ಹಾಸುವ ಪರಸಿ ಕಲ್ಲು ಹೇರಿದೆ. ಹಳೆ ಸುದ್ದಿಪತ್ರಿಕೆ ಹಾಕಬೇಡಿ. ಒದ್ದೆ ಮೇಪಲ್ ಮೇಲೆ ಮಸಿ ಅಚ್ಚಾದರೆ ಉಜ್ಜಿ ತೆಗೆಯಲು ಅಲ್ಲಿ ದಪ್ಪವೇ ಇಲ್ಲ. ಕಾಗದವನ್ನು ಮೊದಲ ದಿನ ಎರಡು ಸಲ, ಆಮೇಲೆ ದಿನಕ್ಕೊಂದು ಸಲ ಬದಲಿಸಿದೆ. ಆರನೇ ದಿನಕ್ಕೆ ಎಲೆಗಳು ಚಪ್ಪಟೆಯಾದವು. ಆದರೂ ತೆಗೆಯಲಿಲ್ಲ. ಅವ್ವನ ಕೋಣೆಯಲ್ಲೇ ಇನ್ನೂ ಹತ್ತು ದಿನ ಭಾರದ ಕೆಳಗೆ ಬಿಟ್ಟೆ. ಕಪಾಟು ನಿಲ್ಲುವ ಕೋಣೆಯ ಗಾಳಿಗೆ ಎಲೆ ಮೊದಲೇ ಒಗ್ಗಬೇಕು. ಹಸಿ ಎಲೆ ಅಂಟಿಸಿದರೆ ಏಪ್ರಿಲ್ ಬಿಸಿಲಿಗೆ ಅದು ಕುಗ್ಗುತ್ತದೆ, ಜೋಡಣೆ ಬಾಯಿ ಬಿಡುತ್ತದೆ.

ಇನ್ನು ಬೆಳಕಿನ ಮಾತು.

ಎರಡು ಎಲೆಗಳನ್ನು ಪುಸ್ತಕ ತೆರೆದಂತೆ, ಒಂದನ್ನು ಮಗುಚಿ, ಪಕ್ಕ ಪಕ್ಕ ಇಟ್ಟೆ. ಬುಕ್‌ಮ್ಯಾಚ್ ಎನ್ನುವುದು ಇದನ್ನೇ. ಎಡಬಲ ಕನ್ನಡಿಯಂತೆ ಹೊಂದುತ್ತದೆ ಎಂದು ಎಲ್ಲರೂ ಮೆಚ್ಚುವ ರೀತಿ. ಮೇಲಿಂದ ಟಾರ್ಚ್ ಹಿಡಿದು ನೋಡಿದರೆ ನಡುಗೆರೆಯ ಎಡಗಡೆ ಬೆಳ್ಳಗಿದ್ದ ಪಟ್ಟೆ ಬಲಗಡೆ ಕಪ್ಪು. ಟಾರ್ಚ್ ಕೆಳಗೆ ತಂದರೆ ಅದಲು ಬದಲು. ಅವ್ವನನ್ನು ಕರೆದು ತೋರಿಸಿದೆ. "ಒಂದು ಬೆಳಗತೈತಿ, ಇನ್ನೊಂದು ಮುಖ ಹೊಳ್ಳಿಸಿ ಕುಂತೈತಿ," ಅಂದಳು. ನಡೆಯುವುದು ನಿಜಕ್ಕೂ ಅದೇ. ಅಲೆಯ ಏರಿನಲ್ಲಿ ನಾರು ನಮ್ಮತ್ತ ಎದ್ದಿರುತ್ತದೆ, ಇಳುಕಿನಲ್ಲಿ ಒಳಕ್ಕೆ ಮುಳುಗುತ್ತದೆ. ಎದ್ದ ನಾರು ಒಂದು ಕೋನದ ಬೆಳಕನ್ನು ಕಣ್ಣಿಗೆ ತಳ್ಳಿದರೆ ಮುಳುಗಿದ ನಾರು ಅದನ್ನು ನುಂಗಿಕೊಳ್ಳುತ್ತದೆ. ಅದೇ ಪಟ್ಟೆ. ಎಲೆ ಮಗುಚಿದರೆ ಎದ್ದದ್ದು ಮುಳುಗಿದ್ದಾಗುತ್ತದೆ, ಅದಕ್ಕೇ ಪಟ್ಟೆಗಳ ಗೆರೆ ಕೂಡಿದರೂ ಹೊಳಪು ತಿರುವುಮುರುವು. ಪಿಟೀಲಿನ ಬೆನ್ನಿಗೆ ಇದು ಚಂದ. ಕೈಯಲ್ಲಿ ಹಿಡಿದು ಆಡಿಸುವ ವಸ್ತು ಅದು, ಎರಡು ಅರ್ಧಗಳು ಸರದಿಯಂತೆ ಮಿಂಚುತ್ತವೆ. ಕಪಾಟು ನಿಂತಲ್ಲೇ ನಿಲ್ಲುತ್ತದೆ. ಏಳು ಎಲೆ ಕೂಡಿಸಿದ ಬಾಗಿಲಿನಲ್ಲಿ ಒಂದು ಬಿಟ್ಟು ಒಂದು ಎಲೆ ಕಪ್ಪಾಗಿ ಕಂಡರೆ ಬೇರೆ ಬೇರೆ ಮರ ಸೇರಿಸಿದಂತೆ ತೋರುತ್ತದೆ.

ಎರಡನೆಯದು ಇನ್ನೂ ಮುಖ್ಯ. ಎಲೆಯನ್ನು ಎಳೆ ನಿಲ್ಲಿಸಿ ಬಡಗಣ ಗೋಡೆಗೆ ಒರಗಿಸಿ, ಬೆಳಿಗ್ಗೆ ಎಂಟು ಗಂಟೆಗೆ ಬಾಗಿಲ ಹೊಸ್ತಿಲಿನಿಂದ ನೋಡಿದೆ. ಅಲೆ ಇದ್ದೂ ಇಲ್ಲದಂತೆ, ಮಬ್ಬು. ಇಷ್ಟು ದುಡ್ಡು ಕೊಟ್ಟು ತಂದ ಮರ ಇದೇನಾ ಅನ್ನಿಸಿತು. ಅದೇ ಎಲೆಯನ್ನು ಅಡ್ಡ ಹಿಡಿದೆ. ಒಮ್ಮೆಲೇ ಪಟ್ಟೆಗಳು ಎದ್ದು ನಿಂತವು. ನಾನು ಎಡಕ್ಕೆ ಎರಡು ಹೆಜ್ಜೆ ಹಾಕಿದರೆ ಬೆಳಕು ಎಲೆಯ ಮೇಲೆ ನನ್ನ ಜೊತೆ ನಡೆದು ಬಂತು. ಕಾರಣ ಸರಳ. ನಾರಿನ ಏರಿಳಿತ ಇರುವುದು ಎಳೆಯ ಉದ್ದಕ್ಕೆ. ಬೆಳಕು ಎಳೆಯ ಉದ್ದಕ್ಕೆ ಬಂದರೆ ಏರಿಗೆ ತಾಗುತ್ತದೆ, ಇಳುಕು ನೆರಳಾಗುತ್ತದೆ. ಎಳೆಗೆ ಅಡ್ಡ ಬಂದರೆ ಏರು, ಇಳುಕು ಎರಡಕ್ಕೂ ಒಂದೇ ಪಾಲು ಬೆಳಕು. ಉಳುಮೆ ಮಾಡಿದ ಹೊಲವನ್ನು ಸಂಜೆ ನೋಡಿದವರಿಗೆ ಇದು ತಿಳಿಯುತ್ತದೆ. ಸೂರ್ಯ ಸಾಲಿಗೆ ಅಡ್ಡ ಇದ್ದರೆ ಒಂದೊಂದು ಸಾಲೂ ಕಾಣುತ್ತದೆ, ಸಾಲಿನ ಗುಂಟ ಇದ್ದರೆ ಹೊಲ ಬಯಲಿನಂತೆ ಕಾಣುತ್ತದೆ. ಮೇಪಲ್‌ನಲ್ಲಿ ಸಾಲುಗಳಿರುವುದು ಎಳೆಗೆ ಅಡ್ಡಲಾಗಿ, ಅಷ್ಟೇ ವ್ಯತ್ಯಾಸ. ತಲೆಯ ಮೇಲಿನ ದೀಪದ ಬೆಳಕಿನಲ್ಲೇ ಹೆಚ್ಚು ಕಾಣುವ ಅಡುಗೆಮನೆಯ ಕಪಾಟಾದರೆ ನಾನೂ ಎಳೆ ನಿಲ್ಲಿಸುತ್ತಿದ್ದೆ. ಇಲ್ಲಿ ಪಕ್ಕದ ಕಿಟಕಿ, ಹಾಗಾಗಿ ಅಡ್ಡ.

ಕಾಕಾನನ್ನು ಮರುದಿನ ಬೆಳಿಗ್ಗೆ ಎಂಟಕ್ಕೇ ಕರೆಸಿ ಎರಡೂ ರೀತಿ ಹಿಡಿದು ತೋರಿಸಿದೆ. ಸುಮಾರು ಹೊತ್ತು ನೋಡಿದರು. "ಹಂಗಾರ ಅಡ್ಡನ ಹಾಕು. ಸಾಗವಾನಿ ಮಾತು ಬ್ಯಾರೆ, ಇದರ ಮಾತು ಬ್ಯಾರೆ," ಅಂದರು.

ಎಳೆ ಅಡ್ಡ ಎಂದ ಮೇಲೆ ಎಲೆಗಳನ್ನು ಒಂದರ ಕೆಳಗೊಂದು ಏಳು ಸಾಲು ಜೋಡಿಸಬೇಕು. ಏಳು ಸಾಲಿಗೆ 1120 ಮಿಮೀ, ಬಾಗಿಲಿಗೆ ಸಾಕು. ಎಲ್ಲ ಎಲೆಗಳ ಒಂದೇ ಮೈ ಮೇಲಕ್ಕೆ, ಅಂದರೆ ಸ್ಲಿಪ್‌ಮ್ಯಾಚ್. ಹೊಳಪು ಎಲ್ಲ ಸಾಲಿಗೂ ಒಂದೇ. ಇದಕ್ಕೂ ಒಂದು ತೊಡಕಿದೆ. ಪಟ್ಟೆಗಳು ಎಲೆಯಲ್ಲಿ ನೆಟ್ಟಗಿರಲಿಲ್ಲ, 160 ಮಿಮೀ ಅಗಲದಲ್ಲಿ ಸುಮಾರು 25 ಮಿಮೀ ಓರೆಯಾಗಿದ್ದವು. ಎಲೆ ಕೆಳಗೆ ಎಲೆ ನೆಟ್ಟಗೆ ಇಟ್ಟರೆ ಪ್ರತಿ ಜೋಡಣೆಯಲ್ಲೂ ಪಟ್ಟೆ ಮುರಿದು ಮೆಟ್ಟಿಲಾಗುತ್ತದೆ. ಬುಕ್‌ಮ್ಯಾಚ್‌ನಲ್ಲಿ ಗೆರೆ ಕೂಡಿ ಹೊಳಪು ಕೂಡುವುದಿಲ್ಲ, ಸ್ಲಿಪ್‌ಮ್ಯಾಚ್‌ನಲ್ಲಿ ಹೊಳಪು ಕೂಡಿ ಗೆರೆ ಕೂಡುವುದಿಲ್ಲ. ಎರಡೂ ಕೂಡಲು ದಾರಿ ಒಂದೇ: ಪ್ರತಿ ಸಾಲನ್ನೂ ಮೇಲಿನ ಸಾಲಿಗಿಂತ 25 ಮಿಮೀ ಪಕ್ಕಕ್ಕೆ ಸರಿಸುವುದು. ಏಳನೇ ಸಾಲಿಗೆ ಬರುವಷ್ಟರಲ್ಲಿ 150 ಮಿಮೀ ಸರಿದಿರುತ್ತದೆ. ಎರಡು ಬಾಗಿಲು ಸೇರಿ 900 ಮಿಮೀ, ಸರಿದದ್ದು 150, ಒಟ್ಟು 1050. ಎರಡೂವರೆ ಮೀಟರ್ ಎಲೆಯ ಅರ್ಧ 1250. ಸಾಕಷ್ಟು ಉಳಿಯಿತು. 1ರಿಂದ 7ರವರೆಗಿನ ಎಲೆಗಳ ಒಂದೇ ಅರ್ಧ ಬಾಗಿಲಿಗೆ, ಇನ್ನೊಂದು ಅರ್ಧ ಡ್ರಾಯರಿಗೆ.

ಯಾವ ಮೈ ಮೇಲಿರಬೇಕು ಎಂಬುದನ್ನೂ ನೋಡಿಕೊಳ್ಳಬೇಕು. ಕೊಯ್ಯುವಾಗ ಅಲಗು ಎಲೆಯನ್ನು ಬಾಗಿಸುವುದರಿಂದ ಒಂದು ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳಿರುತ್ತವೆ. ಎಲೆಯನ್ನು ಎಳೆಯ ಗುಂಟ ಸುರುಳಿ ಮಾಡುವಂತೆ ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಮೈ ಹೊರಗಾದಾಗ ಸುಲಭವಾಗಿ ಬಾಗುತ್ತದೋ ಅದೇ ಬಿರುಕಿನ ಮೈ. ಅದು ಅಂಟಿನ ಕಡೆಗಿರಲಿ. ಸ್ಲಿಪ್‌ಮ್ಯಾಚ್‌ನಲ್ಲಿ ಎಲ್ಲ ಎಲೆಗೂ ಒಳ್ಳೆಯ ಮೈಯೇ ಮೇಲೆ ಬರುತ್ತದೆ, ಇದೂ ಒಂದು ಲಾಭ.

ಶಿವರಾತ್ರಿ ಮುಂದಿನ ವಾರ ಪೂರ್ತಿ ಕೊಯ್ತ, ಜೋಡಣೆ. ಉಕ್ಕಿನ ಪಟ್ಟಿಯ ಹಿಂದೆ ಪಾಲಿಶ್ ಪೇಪರ್ ಅಂಟಿಸಿಕೊಂಡರೆ ಜಾರುವುದಿಲ್ಲ. ಹೊಸ ಬ್ಲೇಡ್, ಒತ್ತದೆ ನಾಲ್ಕೈದು ಸಲ ಎಳೆಯಬೇಕು. ಒಂದೇ ಏಟಿಗೆ ಕೊಯ್ಯಹೋದರೆ ಅಲೆಯ ಏರಿನಲ್ಲಿ ಚೂರು ಹಾರುತ್ತದೆ. ಆಮೇಲೆ ಎರಡು ನೇರ ಪಟ್ಟಿಗಳ ನಡುವೆ ಎಲ್ಲ ಎಲೆಗಳನ್ನೂ ಒಟ್ಟಿಗೆ ಹಿಡಿದು, ಕೂದಲಷ್ಟೇ ಹೊರಗೆ ಬಿಟ್ಟು, ಮರದ ಗಟ್ಟಿಗೆ ಸುತ್ತಿದ ಪೇಪರಿನಿಂದ ಅಂಚು ಉಜ್ಜಿದೆ. ಎರಡು ಎಲೆ ಕೂಡಿಸಿ ಕಿಟಕಿಗೆ ಹಿಡಿದಾಗ ನಡುವೆ ಬೆಳಕು ಕಾಣಬಾರದು.

ಕೂಡಿಸಲು ಬಣ್ಣದವರ ಮಾಸ್ಕಿಂಗ್ ಟೇಪ್ ಬಳಸಿ ಒಂದು ಚೂರಿನ ಮೇಲೆ ಪರೀಕ್ಷಿಸಿದೆ. ಕಿತ್ತಾಗ ಅದರ ಜೊತೆ ನಾರೂ ಎದ್ದು ಬಂತು. ಅಲೆ ಇರುವ ಮರದಲ್ಲಿ ನಾರಿನ ತುದಿ ಮೇಲೆಯೇ ಇರುತ್ತದೆ, ಎಳೆದರೆ ಕಿತ್ತು ಬರುತ್ತದೆ. ಆಮೇಲೆ ನೀರು ಹಚ್ಚಿ ಅಂಟಿಸುವ ಕಾಗದದ ವೆನೀರ್ ಟೇಪ್ ತರಿಸಿದೆ. ಅದು ಒಣಗುವಾಗ ಕುಗ್ಗಿ ಜೋಡಣೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ, ಒತ್ತುವ ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಬಿಡಿಸಬಹುದು. ಏಳು ಸಾಲು ಕೂಡಿದ ಹಾಳೆಯನ್ನು ಎತ್ತಿ ನಿಲ್ಲಿಸಿದಾಗ ಅವ್ವ ಬಂದಳು. ಮೇಲಿಂದ ಕೆಳಗೆ ಪಟ್ಟೆಗಳು, ಕೊಂಚ ಓರೆಯಾಗಿ, ಒಂದರ ಪಕ್ಕ ಒಂದು.

"ನಿರಿಗಿ ಹಿಡದಂಗ ಕಾಣತೈತಿ ನೋಡಪಾ."

ಹೊಳೆಯಲಿಲ್ಲ ನನಗೆ, ಅಲ್ಲಿಯವರೆಗೆ. ಅವಳು ಹೇಳಿದ ಮೇಲೆ ಬೇರೇನೂ ಕಾಣಲಿಲ್ಲ. ಜೋಡಣೆಯ ಗೆರೆ ಮೇಲೆ ಬೆರಳಾಡಿಸಿ, "ಕೊಂಡಿ ಚಲೋ ಕೂಡ್ಯಾವ" ಅಂದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಎಳೆಗೂ ಸೆರಗಿನ ರೇಷ್ಮೆ ಹಾಸಿಗೂ ಕೊಂಡಿ ಹಾಕಿ ಕೂಡಿಸುತ್ತಾರೆ. ಅವಳ ತವರು ಮನೆಯಲ್ಲಿ ಮಗ್ಗವಿತ್ತು. ಅವಳ ಬಾಯಿಂದ ಆ ಮಾತು ಬಂದದ್ದು ನನಗೆ ಬಹಳ ದೊಡ್ಡದು.

ಒತ್ತಡದ ಲೆಕ್ಕ ಹೇಳಲೇಬೇಕು, ಯಾಕೆಂದರೆ ಮೊದಲು ನಾನೂ ಪರಸಿ ಕಲ್ಲು ಹೇರಿ ಅಂಟಿಸುವ ಯೋಚನೆಯಲ್ಲಿದ್ದೆ. ಒಂದು ಬಾಗಿಲು 44 ಸೆಂಮೀ ಅಗಲ, 109 ಸೆಂಮೀ ಎತ್ತರ, ಅಂದರೆ ಸುಮಾರು 4,800 ಚದರ ಸೆಂಮೀ. ಎರಡು ನೂರು ಕಿಲೋ ಕಲ್ಲು ಹೇರಿದರೂ ಚದರ ಸೆಂಟಿಮೀಟರಿಗೆ 0.04 ಕಿಲೋ. ಎಲೆ ಚಪ್ಪಟೆ ಮಾಡಲು ಅದು ಸಾಕು, ಅಂಟು ಹಿಡಿಸಲು ಸಾಲದು. ಗಾಳಿ ಹೀರಿದ ಚೀಲದಲ್ಲಿಟ್ಟರೆ ವಾತಾವರಣವೇ ಚದರ ಸೆಂಟಿಮೀಟರಿಗೆ ಸುಮಾರು 0.85 ಕಿಲೋ ಒತ್ತುತ್ತದೆ, ಇಡೀ ಬಾಗಿಲಿಗೆ ನಾಲ್ಕು ಸಾವಿರ ಕಿಲೋ. ಅದೂ ಮೂಲೆಮೂಲೆಗೂ ಸಮವಾಗಿ. ಎಸಿ ರಿಪೇರಿ ಮಾಡುವ ಗೆಳೆಯನ ಹತ್ತಿರ ಗ್ಯಾಸ್ ತುಂಬುವ ಮುನ್ನ ಪೈಪ್ ಖಾಲಿ ಮಾಡುವ ವ್ಯಾಕ್ಯೂಮ್ ಪಂಪ್ ಇತ್ತು. ಕೃಷಿ ಹೊಂಡಕ್ಕೆ ಹಾಸಿ ಉಳಿದ ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಚೀಲ ಮಾಡಿದೆ, ಅಂಚಿಗೆ ಗಾಳಿ ಬಿಡದ ಬ್ಯುಟೈಲ್ ರಬ್ಬರ್ ಟೇಪ್. ಚೀಲ ಬಾಗಿಲಿಗೆ ಮೆತ್ತಿಕೊಂಡರೆ ಅಲ್ಲಲ್ಲಿ ಗಾಳಿ ಸಿಕ್ಕಿಬೀಳುತ್ತದೆ, ಅದು ಹರಿದು ಹೋಗಲು ಜಾಳಿಗೆ ಬೇಕು. ಬಾಗಲಕೋಟೆಯಲ್ಲಿ ಅದಕ್ಕೇನು ಕೊರತೆ, ಉಳ್ಳಾಗಡ್ಡಿ ಚೀಲ ಬಿಚ್ಚಿ ಹಾಸಿದೆ. ಅದರ ಕೆಳಗೆ 6 ಮಿಮೀ ಪ್ಲೈ, ಇಲ್ಲದಿದ್ದರೆ ಚೀಲದ ಹೆಣಿಗೆ ಮೇಪಲ್ ಮೇಲೆ ಅಚ್ಚಾಗುತ್ತದೆ. ಪ್ಲೈಗೂ ಎಲೆಗೂ ನಡುವೆ ತೆಳು ಪ್ಲಾಸ್ಟಿಕ್.

ಬಾಗಿಲಿಗೆ ಹೋಗುವ ಮುನ್ನ ಒಂದು ಅಡಿ ಚೌಕದ ತುಂಡಿನ ಒಂದೇ ಮೈಗೆ ವೆನೀರ್ ಒತ್ತಿ ನೋಡಿದೆ. ಮರುದಿನ ಬೆಳಿಗ್ಗೆ ನಡುವೆ 3 ಮಿಮೀ ತಗ್ಗು. ಎಲೆ ಅಂಟಿನ ನೀರು ಕುಡಿದು ಹಿಗ್ಗಿದ ಸ್ಥಿತಿಯಲ್ಲಿ ಹಿಡಿದುಕೊಳ್ಳುತ್ತದೆ, ಒಣಗಿದಾಗ ಕುಗ್ಗಿ ಹಲಗೆಯನ್ನೇ ತನ್ನತ್ತ ಎಳೆಯುತ್ತದೆ. ಹಾಗಾಗಿ ಬಾಗಿಲಿನ ಒಳಮೈಗೂ ಅಷ್ಟೇ ದಪ್ಪದ, ಅಲೆಯಿಲ್ಲದ ಸಾದಾ ಮೇಪಲ್ ಹಾಕಿದೆ, ಎಳೆ ಅದೇ ದಿಕ್ಕಿಗೆ, ಎರಡೂ ಮೈ ಒಂದೇ ಸಲ ಒತ್ತಿ. ಹಿಂದಿನ ಮೈ ಯಾರು ನೋಡುತ್ತಾರೆ ಎಂದು ಬಿಡುವವರು ಇದನ್ನು ಗಮನಿಸಬೇಕು.

ಮೊದಲ ಬಾಗಿಲು ಚೆನ್ನಾಗಿ ಬಂತು. ಬಿಳಿ ಫೆವಿಕಾಲನ್ನು ಹಲಗೆಗೆ ಮಾತ್ರ, ಸಣ್ಣ ರೋಲರಿನಿಂದ ಸವರಬೇಕು. ಎಲೆಗೆ ಹಚ್ಚಿದರೆ ಕ್ಷಣದಲ್ಲಿ ಸುರುಳಿಯಾಗುತ್ತದೆ. ಎರಡು ಗಂಟೆ ಪಂಪ್ ಓಡಿತು. ಅಂಟಿನ ನೀರಾವಿ ಪಂಪಿನ ಎಣ್ಣೆಗೆ ಸೇರಿ ಅದು ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಗೆಳೆಯನಿಗೆ ಹೊಸ ಎಣ್ಣೆ ಹಾಕಿಸಿಯೇ ಕೊಟ್ಟೆ.

ಅಷ್ಟರಲ್ಲಿ ಹೋಳಿ ಬಂತು. ಬಾಗಲಕೋಟೆಯ ಹೋಳಿ ಒಂದು ದಿನಕ್ಕೆ ಮುಗಿಯುವುದಲ್ಲ. ಹಲಗಿ ಬಡಿತ ಓಣಿ ಓಣಿಯಲ್ಲಿ, ಬಂಡಿಗಳಲ್ಲಿ ಬ್ಯಾರಲ್ ತುಂಬ ಬಣ್ಣ, ಗಾಳಿಯಲ್ಲೇ ಬಣ್ಣದ ಪುಡಿ. ಪಾಲಿಶ್ ಕಾಣದ ಬಿಳಿ ಮೇಪಲ್ ಮೇಲೆ ಒಂದು ಚಿಟಿಕೆ ಗುಲಾಬಿ ಬಿದ್ದು, ಮೇಲೊಂದು ಹನಿ ನೀರು ಬಿದ್ದರೆ ಮುಗಿಯಿತು. ಬಾಗಿಲು, ಉಳಿದ ಹಾಳೆ, ಎಲ್ಲವನ್ನೂ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಮಂಚದ ಕೆಳಗಿಟ್ಟು, ನಾನೂ ಹಲಗಿ ಹಿಡಿದು ಹೊರಟೆ.

ಎರಡನೇ ಬಾಗಿಲನ್ನು ಹೋಳಿ ಮುಗಿದ ಮೇಲೆ, ಮಧ್ಯಾಹ್ನ ಮೂರು ಗಂಟೆಗೆ ಒತ್ತಿದೆ. ತಪ್ಪಾದದ್ದು ಅಲ್ಲೇ. ಬಿಸಿಲು ಏರಿತ್ತು, ಸೆಕೆಗೆ ಫ್ಯಾನ್ ಹಾಕಿಕೊಂಡಿದ್ದೆ. ಎರಡೂ ಮೈಗೆ ಅಂಟು ಸವರಿ ಎಲೆ ಕೂಡಿಸುವಷ್ಟರಲ್ಲಿ ಒಂದು ಕಡೆ ಅಂಟು ಕೆನೆಗಟ್ಟಿತ್ತು. ಕಣ್ಣಿಗೆ ಗೊತ್ತಾಗಲಿಲ್ಲ. ಮರುದಿನ ಟೇಪ್ ಬಿಡಿಸಿ ಉಗುರಿನಿಂದ ಇಡೀ ಬಾಗಿಲನ್ನು ಸಾಲಾಗಿ ತಟ್ಟುತ್ತ ಹೋದೆ. ಟಕ್ ಟಕ್ ಎನ್ನುತ್ತಿದ್ದದ್ದು ಮೂರನೇ ಸಾಲಿನಲ್ಲಿ ಒಂದು ಕಡೆ ಪಟ್ ಪಟ್ ಎಂದಿತು. ಐದು ರೂಪಾಯಿ ನಾಣ್ಯದಷ್ಟು ಜಾಗ, ಎದೆಯೆತ್ತರಕ್ಕೆ, ಬೆಳಕು ಸರಿಯಾಗಿ ಬೀಳುವಲ್ಲೇ.

ಬಿಳಿ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಮೊದಲು ಕಾಗದ ಹಾಕಿ ಇಸ್ತ್ರಿಪೆಟ್ಟಿಗೆಯನ್ನು ಹತ್ತು ಸೆಕೆಂಡು ಒತ್ತಿ, ತಣ್ಣಗಿನ ಕಬ್ಬಿಣದ ತುಂಡು ಇಟ್ಟೆ. ಅಂಚು ಕೂತಿತು, ನಡು ಕೂರಲಿಲ್ಲ. ಆಮೇಲೆ ಹೊಸ ಬ್ಲೇಡಿನಿಂದ ಎಳೆಯ ಗುಂಟ 15 ಮಿಮೀ ಸೀಳಿದೆ, ಬ್ಲೇಡನ್ನು ನೆಟ್ಟಗೆ ಹಿಡಿಯದೆ ಓರೆಯಾಗಿ, ಸೀಳಿನ ಒಂದು ತುಟಿ ಇನ್ನೊಂದರ ಮೇಲೆ ಕೂರುವಂತೆ. ಚಾಕುವಿನ ತುದಿಯಿಂದ ಒಂದು ತುಟಿ ಎತ್ತಿ, ಇಂಜೆಕ್ಷನ್ ಸಿರಿಂಜಿನಿಂದ ಕೊಂಚ ನೀರು ಬೆರೆಸಿದ ಅಂಟನ್ನು ಒಳಗೆ ಬಿಟ್ಟೆ. ಬೆರಳಿನಿಂದ ನಡುವಿನಿಂದ ಸೀಳಿನ ಕಡೆಗೆ ತಳ್ಳಿ ಹೆಚ್ಚಾದದ್ದನ್ನು ಹೊರತೆಗೆದು, ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿದೆ. ಅಂಟು ಮೈಮೇಲೆ ಉಳಿದರೆ ಪಾಲಿಶ್ ಅಲ್ಲಿ ಹಿಡಿಯದೆ ಬಿಳಿ ಮಚ್ಚೆಯಾಗುತ್ತದೆ. ಪ್ಲಾಸ್ಟಿಕ್, ಮರದ ಗಟ್ಟಿ, ಕ್ಲ್ಯಾಂಪ್, ಒಂದು ರಾತ್ರಿ. ಈಗ ಆ ಸೀಳು ಎಲ್ಲಿದೆ ಎಂದು ಹುಡುಕಲು ನನಗೇ ಟಾರ್ಚ್ ಬೇಕು. ಆದರೆ ಡ್ರಾಯರುಗಳನ್ನು ಬೆಳಿಗ್ಗೆ ಆರಕ್ಕೆ, ಫ್ಯಾನ್ ಇಲ್ಲದೆ ಒತ್ತಿದೆ.

ಒತ್ತಿದ ಬಾಗಿಲುಗಳನ್ನು ಗೋಡೆಗೆ ಒರಗಿಸದೆ, ಸಣ್ಣ ಪಟ್ಟಿಗಳ ಮೇಲೆ ಮಲಗಿಸಿ, ಎರಡೂ ಕಡೆ ಗಾಳಿಯಾಡುವಂತೆ ಒಂದು ವಾರ ಬಿಟ್ಟೆ. ನಂತರ ಸುತ್ತ 6 ಮಿಮೀ ಸಾಗವಾನಿ ಪಟ್ಟಿ. ಹಳೆ ಸಾಗವಾನಿಯ ಎಣ್ಣೆ ಅಂಟಿಗೆ ಅಡ್ಡಿ, ಅಂಟಿಸುವ ಮುನ್ನ ಥಿನ್ನರ್ ಬಟ್ಟೆಯಿಂದ ಒರೆಸಿಕೊಳ್ಳಬೇಕು. ಪಟ್ಟಿಯನ್ನು ಮೇಪಲ್‌ನ ಮಟ್ಟಕ್ಕೆ ತರುವಾಗ ರಂದಾ ಹಿಡಿಯಲು ಧೈರ್ಯ ಬರಲಿಲ್ಲ. ಮೇಪಲ್ ಮೇಲೆ ಟೇಪ್ ಬದಲು ತೆಳು ತಗಡು ಇಟ್ಟು, ಉಕ್ಕಿನ ಸ್ಕ್ರೇಪರಿನಿಂದ ಕೆರೆದೆ.

ಉಜ್ಜುವುದು ಕೈಯಿಂದಲೇ, 220 ನಂಬರ್ ಪಾಲಿಶ್ ಪೇಪರ್, ಆಮೇಲೆ 320. ಯಂತ್ರ ಬೇಡ. ಅರ್ಧ ಮಿಲಿಮೀಟರಿನಲ್ಲಿ ಯಂತ್ರ ಒಂದು ಕ್ಷಣ ವಾಲಿದರೆ ಕೆಳಗಿನ ತಿಳಿಕಂದು ಎಂಡಿಎಫ್ ಇಣುಕುತ್ತದೆ, ಅದಕ್ಕೆ ಮದ್ದಿಲ್ಲ.

ಪಾಲಿಶ್‌ಗೆ ನಾಲ್ಕು ತುಂಡುಗಳ ಮೇಲೆ ನಾಲ್ಕು ಬಗೆ ನೋಡಿದೆ, ಒಂದೊಂದರ ಅರ್ಧಕ್ಕೆ ಕಪ್ಪು ಕಾಗದ ಕಟ್ಟಿ ಒಂದು ತಿಂಗಳು ಮಾಳಿಗೆ ಮೇಲೆ ಬಿಸಿಲಿಗಿಟ್ಟೆ. ಅಗಸೆ ಎಣ್ಣೆ ಹಚ್ಚಿದ್ದರಲ್ಲಿ ಅಲೆ ಎಲ್ಲಕ್ಕಿಂತ ಆಳವಾಗಿ ಎದ್ದಿತು, ಆದರೆ ತಿಂಗಳಲ್ಲಿ ಬೆಲ್ಲದ ಬಣ್ಣ. ಬರೀ ನೀರಿನ ಪಿಯು (ಪಾಲಿಯುರೆಥೇನ್ ಪಾಲಿಶ್) ಹಚ್ಚಿದ್ದು ಬೆಳ್ಳಗೇ ಉಳಿಯಿತು, ಅಲೆ ಮಾತ್ರ ಗಾಜಿನ ಹಿಂದೆ ಇದ್ದಂತೆ ತಣ್ಣಗೆ. ಕಂದು ಡೈ ಹಚ್ಚಿ ಉಜ್ಜಿದ್ದು ಹುಲಿಪಟ್ಟೆಯಂತೆ ಜೋರಾಗಿ ಕಂಡಿತು, ಆದರೆ ಅದು ಒಂದೇ ಕಡೆಯಿಂದ ನೋಡುವ ಚಿತ್ರವಾಯಿತು, ನಡೆದಂತೆ ನಡೆಯುವ ಬೆಳಕು ಕಡಿಮೆಯಾಯಿತು. ನನಗೆ ಅದು ಬೇಡವಾಗಿತ್ತು. ಮೇಣ ತೆಗೆದ ತಿಳಿ ಅರಗು ಒಂದು ಕೈ, ಅದರ ಮೇಲೆ ನೀರಿನ ಪಿಯು, ಇದು ಮನಸ್ಸಿಗೆ ಹಿಡಿಸಿತು. ಕಾಗದ ಮುಚ್ಚಿದ ಅರ್ಧಕ್ಕೂ ತೆರೆದ ಅರ್ಧಕ್ಕೂ ವ್ಯತ್ಯಾಸ ಇತ್ತು, ಮೇಪಲ್ ಬಿಸಿಲಿಗೆ ಹಳದಿಯಾಗಿಯೇ ಆಗುತ್ತದೆ, ಆದರೆ ಕೆನೆಬಣ್ಣದ ಹತ್ತಿರ ನಿಂತಿತು. 100 ಗ್ರಾಂ ಅರಗಿನ ಚಕ್ಕೆ, ಒಂದು ಲೀಟರ್ ಪಾಲಿಶ್ ಸ್ಪಿರಿಟ್, ಒಂದು ರಾತ್ರಿ ಕರಗಿಸಿ ಬಟ್ಟೆಯಲ್ಲಿ ಸೋಸಿದ್ದು. ಮೇಣ ಇರುವ ಸಾದಾ ಅರಗಿನ ಮೇಲೆ ಪಿಯು ಸರಿಯಾಗಿ ಹಿಡಿಯುವುದಿಲ್ಲ. ಪಿಯು ನಾಲ್ಕು ತೆಳು ಕೈ, ನಡುವೆ 400 ಪೇಪರ್. ಸೆಮಿಗ್ಲಾಸ್ ತೆಗೆದುಕೊಂಡೆ. ಈಗ ಎಲ್ಲರೂ ಮ್ಯಾಟ್ ಕೇಳುತ್ತಾರೆ, ಆದರೆ ಮ್ಯಾಟ್‌ನಲ್ಲಿರುವ ಪುಡಿ ಬೆಳಕನ್ನು ಚದುರಿಸುತ್ತದೆ, ಮೇಪಲ್‌ನ ಮಿಂಚು ಅಲ್ಲೇ ಸಾಯುತ್ತದೆ.

ಬಸವ ಜಯಂತಿಗೆ ಬಾಗಿಲು ಕೂಡಿಸಿದೆವು. ತಾನೇ ಮುಚ್ಚಿಕೊಳ್ಳುವ ಆಟೋ ಹಿಂಜಿನ 35 ಮಿಮೀ ಬಟ್ಟಲಿಗೆ 12 ಮಿಮೀ ಆಳದ ತೂತು, ಡ್ರಿಲ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಂಡು ಕಾಕಾ ಕೊರೆದರು. ಬೆಳಿಗ್ಗೆ ಕಿಟಕಿ ತೆರೆದಾಗ ಎರಡೂ ಬಾಗಿಲಿನ ಮೇಲೆ ನಿರಿಗೆ ಒಂದೇ ಸಮ ಎದ್ದು ಕಂಡವು, ನಡುವಿನ ಸಾಗವಾನಿ ಗೆರೆ ದಾಟಿ ಆ ಕಡೆಗೂ ಸಾಗಿದವು. ಕಾರ ಹುಣ್ಣಿಮೆ ಕಳೆದು ಮಳೆ ಹಿಡಿದ ಮೇಲೆ ಉಕ್ಕಿನ ಪಟ್ಟಿ ಇಟ್ಟು ನೋಡಿದೆ. ಬಲಗಡೆ ಬಾಗಿಲು ನೇರ, ಎಡಗಡೆಯದು 1 ಮಿಮೀ ಒಳಕ್ಕೆ. ಹಿಂಜಿನ ತಿರುಪು ಕಾಲು ಸುತ್ತು ತಿರುವಿದಾಗ ಸರಿಹೋಯಿತು.

ಉಳಿದ ಎಂಟನೇ ಎಲೆಯನ್ನು ಬಿಳಿ ಕಾಗದದಲ್ಲಿ ಸುತ್ತಿ, ಕಪಾಟಿನ ಬೆನ್ನಿಗೆ ಒಳಗಡೆ ಎರಡು ಪಟ್ಟಿ ಹೊಡೆದು ಸಿಕ್ಕಿಸಿದ್ದೇನೆ. ಕಾಗದದ ಮೇಲೆ ಅಂಟಿನ ಹೆಸರು, ಅರಗಿನ ಅಳತೆ, ಯಾವ ಮೈ ಮೇಲೆ, ಎಳೆ ಯಾವ ಕಡೆ ಎಂದು ಪೆನ್ಸಿಲ್‌ನಲ್ಲಿ ಬರೆದಿದೆ. ಮುಂದೆ ಎಂದಾದರೂ ಏಟು ಬಿದ್ದು ತೇಪೆ ಹಾಕಬೇಕಾದರೆ ಅದೇ ದಿಮ್ಮಿಯ ತುಂಡು ಕೈಗೆ ಸಿಗಬೇಕು.